ಗಿರಾಕಿ ಕೈಗೆ ಹೂವೋ, ಕಿವಿಗೆ ಹೂವೋ?

ಸಂಜೆ ಆರು ಗಂಟೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಕಾಲಿಡೋಕೆ ಜಾಗವಿಲ್ಲ. ಒಂದು ಕಡೆ ಸೇವಂತಿಗೆ ರಾಶಿ, ಇನ್ನೊಂದು ಕಡೆ ಕನಕಾಂಬರದ ಕುಕ್ಕೆ, ನಡುವೆ ಮೊಳ ಹಾಕುತ್ತಾ ಕೂತ ಹೂವಾಡಗಿತ್ತಿಯರು. ಅಲ್ಲಿಗೆ ಪೇಟೆಯ ಒಬ್ಬ ವರ್ತಕರು ಬಂದರು. ಕಬ್ಬಿಣ, ಬಣ್ಣ, ಮೊಳೆ ವ್ಯಾಪಾರ. ಹೆಸರು ಬೇಡ, ಅಂಥವರು ಬೀದಿಗೆ ಹತ್ತು ಜನ ಇದ್ದಾರೆ.

“ಏನ್ ಯಜಮಾನ್ರೇ, ಹಾರ ಬೇಕಾ?”

“ಹಾರ ಬೇಡ ಕಣಮ್ಮ. ಆಫೀಸಿಗೆ ಹೊಸ ಸಾಹೇಬ್ರು ಬಂದವ್ರೆ. ಬರಿಗೈಲಿ ಹೋಗೋಕಾಗುತ್ತಾ? ಈಗೆಲ್ಲಾ ಬೊಕೆನೇ ಮರ್ಯಾದೆ. ಚೆನ್ನಾಗಿ ಯಾರು ಮಾಡ್ತಾರೆ ಹೇಳು.”

ಆಕೆ ಕೈ ತೋರಿಸಿದಳು. ಆಮೇಲೆ ಮೆತ್ತಗೆ ಕೇಳಿದಳು: “ಅಂಗಡಿ ಪಟಕ್ಕೆ ಹಾಕಿದ ವರ್ತನೆ ಹೂವಿನ ಲೆಕ್ಕ ಎರಡು ತಿಂಗಳದ್ದು ಹಂಗೇ ನಿಂತದೆ, ಅಣ್ಣಾ...”

“ಕೊಡೋಣ ಬಿಡಮ್ಮ, ಎಲ್ಲಿ ಓಡಿಹೋಗ್ತೀನಿ?” ಎಂದು ಯಜಮಾನರು ಬೊಕೆ ಅಂಗಡಿಯ ಕಡೆ ನಡೆದೇಬಿಟ್ಟರು.

ಈ ಒಂದು ನಿಮಿಷದ ಮಾತಿನಲ್ಲಿ ನಮ್ಮ ಪೇಟೆಯ ದೊಡ್ಡ ಪಾಠವೊಂದು ಅಡಗಿದೆ ಅಂತ ನಮಗೆ ಅನ್ನಿಸಿತು. ವ್ಯಾಪಾರದಲ್ಲಿ ಹೂವು ಕೊಡೋದು ಒಳ್ಳೆಯದಾ? ಕೊಟ್ಟರೆ ಸಂಬಂಧ ಗಟ್ಟಿಯಾಗುತ್ತಾ? ಆಗೋದಾದರೆ ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು? ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಹಳೇ ಪದ್ಧತಿ, ಹೊಸ ವೇಷ

ಹೂವು ನಮ್ಮ ಪೇಟೆಗೆ ಹೊಸದೇನೂ ಅಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಲಕ್ಷ್ಮಿ ಪಟಕ್ಕೆ ಹೂವು, ಗಲ್ಲಾಪೆಟ್ಟಿಗೆಗೆ ಹೂವು, ತಕ್ಕಡಿಗೆ ಹೂವು. ಆಯುಧಪೂಜೆ ದಿನ ಸೈಕಲ್ಲಿನಿಂದ ಹಿಡಿದು ಸಾರಿಗೆ ಬಸ್ಸಿನವರೆಗೆ ಎಲ್ಲಕ್ಕೂ ಹಾರ. ದೀಪಾವಳಿಯಲ್ಲಿ ಅಂಗಡಿ ಪೂಜೆಗೆ ಬಂದ ಗಿರಾಕಿಗೆ ಎಲೆ ಅಡಿಕೆ, ಹೂವು, ಸಿಹಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಕೊಂಡವರಿಗೆ ಒಂದು ತುಂಡು ಮಲ್ಲಿಗೆ. ಇದಕ್ಕೆ ಯಾರೂ ‘ಉಡುಗೊರೆ’ ಅಂತ ಹೆಸರಿಟ್ಟಿರಲಿಲ್ಲ. ಮರ್ಯಾದೆ ಅಂತಿದ್ದರು, ಅಷ್ಟೆ.

ಈಗ ಬಂದಿರೋದು ಬೇರೆ. ಮಿರಮಿರ ಮಿಂಚುವ ಪ್ಲಾಸ್ಟಿಕ್ ಹಾಳೆ, ರಿಬ್ಬನ್ನು, ಅದರೊಳಗೆ ನಾಲ್ಕು ಗುಲಾಬಿ, ಎರಡು ಜರ್ಬೆರಾ. ಬ್ಯಾಂಕಿನ ಮ್ಯಾನೇಜರ್ ಬದಲಾದರೆ ಬೊಕೆ, ಕಂಪನಿಯ ಸೇಲ್ಸ್ ಆಫೀಸರ್ ಬಂದರೆ ಬೊಕೆ, ಪಕ್ಕದ ಬೀದಿಯಲ್ಲಿ ಮಳಿಗೆ ತೆರೆದರೆ ಬೊಕೆ. ಕೊಟ್ಟು, ಫೋಟೋ ಹೊಡೆಸಿ, ವಾಟ್ಸಾಪಿನಲ್ಲಿ ಹಾಕಿದರೆ ಕೆಲಸ ಮುಗೀತು.

ಆ ಬೊಕೆ ಆಮೇಲೆ ಏನಾಗುತ್ತೆ? ಕಬ್ಬಿಣದಂಗಡಿ ಯಜಮಾನರ ಬೊಕೆಯ ಗತಿಯನ್ನು ನಾವು ಮಾರನೇ ದಿನ ಕಣ್ಣಾರೆ ಕಂಡೆವು. ಸಾಹೇಬರ ಕೋಣೆಯ ಹಿಂದಿನ ವರಾಂಡದಲ್ಲಿ ಇಪ್ಪತ್ತು ಬೊಕೆಗಳು ಒಂದರ ಮೇಲೊಂದು. ಹೆಸರಿನ ಚೀಟಿಗಳು ಹಾಗೇ ಇವೆ. ಯಾವುದು ಯಾರದ್ದು ಅಂತ ಸಾಹೇಬರಿಗೂ ಗೊತ್ತಿಲ್ಲ, ಜವಾನನಿಗೂ ಬೇಕಿಲ್ಲ. ಕಸದ ಗಾಡಿಯವನು ಮಾತ್ರ ಗೊಣಗುತ್ತಿದ್ದ. ಹೂವು ಗೊಬ್ಬರವಾದೀತು, ಪ್ಲಾಸ್ಟಿಕ್ಕು ಆಗುತ್ತಾ?

ಸರ್ಕಾರವೇ ಬೇಡ ಅಂದಿತ್ತು

ಈ ಹಾರ ತುರಾಯಿ ಹಾವಳಿ ಎಷ್ಟು ಬೆಳೆಯಿತೆಂದರೆ ಸರ್ಕಾರವೇ ಕೈ ಅಡ್ಡ ಹಿಡಿಯಬೇಕಾಯಿತು. 2021ರ ಆಗಸ್ಟಿನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಹೊಸತರಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು, ನೆನಪಿನ ಕಾಣಿಕೆ ಯಾವುದೂ ಬೇಡ, ಕೊಡಲೇಬೇಕೆಂದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶವಾಯಿತು. 2023ರ ಮೇ ತಿಂಗಳಲ್ಲಿ ಅಧಿಕಾರ ಹಿಡಿದ ಸಿದ್ದರಾಮಯ್ಯನವರು, ನಮ್ಮ ಜಿಲ್ಲೆಯವರೇ, ಗೌರವದ ಹೆಸರಿನಲ್ಲಿ ಹೂವು ಶಾಲು ಸ್ವೀಕರಿಸುವುದಿಲ್ಲ, ಪ್ರೀತಿ ಇದ್ದರೆ ಪುಸ್ತಕ ಕೊಡಿ ಎಂದರು.

ಮಾತು ಒಳ್ಳೆಯದೇ. ಆದರೆ ಕ್ರೇನಿನಲ್ಲಿ ಎತ್ತಿ ಸೇಬಿನ ಹಾರ ಹಾಕುವುದು ನಿಂತಿತಾ? ಜೆಸಿಬಿ ಮೇಲಿಂದ ಹೂವಿನ ಮಳೆ ಸುರಿಯುವುದು ನಿಂತಿತಾ? ನೀವೇ ಹೇಳಿ.

ಈ ‘ಬೇಡ’ಕ್ಕೆ ಇನ್ನೊಂದು ಮುಖವೂ ಇದೆ. ಹೂವು ಬೇಡ ಅಂದಾಗ ಮೊದಲು ನೋಯುವುದು ಬೆಳೆದವನಿಗೆ. 2020ರ ಲಾಕ್‌ಡೌನ್ ನೆನಪಿದೆಯಲ್ಲ? ಮದುವೆ ಇಲ್ಲ, ಜಾತ್ರೆ ಇಲ್ಲ, ದೇವಸ್ಥಾನದ ಬಾಗಿಲು ಮುಚ್ಚಿತ್ತು. ಹೂವು ಗಿಡದಲ್ಲೇ ಒಣಗಿತು, ಕಿತ್ತದ್ದು ತಿಪ್ಪೆ ಸೇರಿತು. ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ ರಾಜ್ಯದಲ್ಲಿ 11,687 ಹೆಕ್ಟೇರ್ ಹೂವಿನ ಬೆಳೆಗೆ ಪೆಟ್ಟು ಬಿತ್ತು. ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿಗೆ ಮಾತ್ರ ಎಂದು ಪರಿಹಾರ ಘೋಷಿಸಿದರು. ಎಕರೆ ಲೆಕ್ಕದಲ್ಲಿ ಹತ್ತು ಸಾವಿರದ ಆಸುಪಾಸು. ಮಾರನೇ ವರ್ಷ, 2021ರ ಮೇನಲ್ಲಿ, ಅದು ಹೆಕ್ಟೇರಿಗೆ 10,000ಕ್ಕೆ ಇಳಿಯಿತು.

ಹೂವು ವಾಯಿದೆ ಸರಕು ಸ್ವಾಮಿ. ಅಕ್ಕಿ ಮೂಟೆ ಹಾಗೆ ಗೋದಾಮಿನಲ್ಲಿ ಕೂಡಿಡೋಕಾಗಲ್ಲ. ಮಲ್ಲಿಗೆಯನ್ನೇ ನೋಡಿ. ಬೆಳಕು ಹರಿಯೋ ಹೊತ್ತಿಗೆ ಮೊಗ್ಗು ಬಿಡಿಸಬೇಕು, ಹಗಲಲ್ಲಿ ಕಟ್ಟಬೇಕು, ಸಂಜೆ ಅದು ಅರಳುತ್ತೆ, ಮಾರನೇ ಬೆಳಿಗ್ಗೆ ಬಾಡುತ್ತೆ. ಒಂದೇ ದಿನದ ಬಾಳು. ಹಬ್ಬದ ಹಿಂದಿನ ದಿನ ಕನಕಾಂಬರ ಕಿಲೋಗೆ ಸಾವಿರ ದಾಟುತ್ತೆ, ಹಬ್ಬ ಮುಗಿದ ಮಾರನೇ ದಿನ ಸೇವಂತಿಗೆ ಕೇಳೋರಿರಲ್ಲ. ಓಣಂ ಬಂದರೆ ಕೇರಳದವರು ಗುಂಡ್ಲುಪೇಟೆ ಕಡೆ ಚೆಂಡು ಹೂವಿಗೆ ಗಾಡಿ ತರುತ್ತಾರೆ, ಓಣಂ ಹೋದರೆ ಅವರೂ ಹೋದರು. ಹೀಗೆ ಹಬ್ಬವನ್ನು ನಂಬಿ ಏಳುತ್ತಾ ಬೀಳುತ್ತಾ ಇರುವ ಈ ಕಸುಬಿಗೆ, ವಾರವಾರ ಪೇಟೆಯವರು ಕೊಳ್ಳುವ ಹೂವು ಒಂದು ಆಧಾರ. ಆದ್ದರಿಂದ ‘ಹೂವೇ ಬೇಡ’ ಅನ್ನೋದು ನಮ್ಮ ಮಾತಲ್ಲ.

ಹೂವು ಕೊಟ್ಟರೆ ಮನಸ್ಸು ತಿರುಗುತ್ತಾ?

ತಿರುಗುತ್ತೆ. ಆದರೆ ಎರಡು ಕಡೆಗೂ ತಿರುಗುತ್ತೆ! ದೂರದ ಎರಡು ಕತೆ ಕೇಳಿ.

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 1970ರ ದಶಕದಲ್ಲಿ ಹರೇ ಕೃಷ್ಣ ಪಂಥದ ಭಕ್ತರು ಹೋಗಿ ಬರುವವರ ಕೈಗೆ ಹೂವು ಕೊಡುತ್ತಿದ್ದರು. ‘ಬೇಡ’ ಅಂದರೂ ವಾಪಸು ತಗೊಳ್ಳುತ್ತಿರಲಿಲ್ಲ. ‘ಇದು ನಮ್ಮ ಕಾಣಿಕೆ’ ಎಂದು ಹೇಳಿ ಆಮೇಲೆ ದೇಣಿಗೆ ಕೇಳುತ್ತಿದ್ದರು. ಹೂವು ಕೈಗೆ ಬಂದಮೇಲೆ ಸುಮ್ಮನೆ ಹೋಗಲು ಜನಕ್ಕೆ ಸಂಕೋಚ. ದುಡ್ಡು ಕೊಡುತ್ತಿದ್ದರು. ಆದರೆ ನಾಲ್ಕು ಹೆಜ್ಜೆ ಹೋಗಿ ಹೂವನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದರು. ಆ ಹೂವನ್ನು ಬುಟ್ಟಿಯಿಂದ ತೆಗೆದು ಮತ್ತೊಬ್ಬರಿಗೆ ಕೊಡುವುದೂ ಇತ್ತಂತೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1984ರಲ್ಲಿ ಹೊರಬಂದ ತಮ್ಮ ‘ಇನ್‌ಫ್ಲುಯೆನ್ಸ್’ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಕೊನೆಗೆ ಏನಾಯಿತು? ಅವರನ್ನು ದೂರದಲ್ಲಿ ಕಂಡರೇ ಜನ ಬೇರೆ ದಾರಿ ಹಿಡಿಯತೊಡಗಿದರು. ಇದೇ ಕಿವಿಗೆ ಹೂವು. ಒಂದು ಸಲ ನಡೆಯುತ್ತೆ, ಎರಡು ಸಲ ನಡೆಯುತ್ತೆ, ಮೂರನೇ ಸಲ ಗಿರಾಕಿ ಎದುರು ಫುಟ್‌ಪಾತಿಗೆ ದಾಟುತ್ತಾನೆ.

ಇನ್ನೊಂದು ಕತೆ. 2002ರಲ್ಲಿ ಅದೇ ದೇಶದ ಸಂಶೋಧಕರು ಹೋಟೆಲಿನಲ್ಲಿ ಪರೀಕ್ಷೆ ಮಾಡಿದರು. ಬಿಲ್ಲಿನ ಜೊತೆ ಏನೂ ಕೊಡದಿದ್ದಾಗ ಬಡಿಸುವವರಿಗೆ ಬಂದ ಟಿಪ್ಸು ಬಿಲ್ಲಿನ ನೂರಕ್ಕೆ ಸುಮಾರು 19. ಎರಡು ಸಣ್ಣ ಚಾಕೊಲೇಟು ಕೊಟ್ಟಾಗ ಹೆಚ್ಚಾಯಿತು. ಆದರೆ ಎಲ್ಲಕ್ಕಿಂತ ಹೆಚ್ಚು, ಸುಮಾರು 23, ಬಂದಿದ್ದು ಯಾವಾಗ ಗೊತ್ತಾ? ಒಂದು ಕೊಟ್ಟು, ತಿರುಗಿ ಹೊರಟು, ಏನೋ ನೆನಪಾದವರ ಹಾಗೆ ವಾಪಸು ಬಂದು ಇನ್ನೊಂದು ಕೊಟ್ಟಾಗ. ಚಾಕೊಲೇಟು ಅಷ್ಟೇ, ಎರಡೇ. ಬದಲಾದದ್ದು ಕೊಟ್ಟ ರೀತಿ. ‘ಇದು ಎಲ್ಲರಿಗೂ ಕೊಡೋದಲ್ಲ, ನಿನಗೆ ಅಂತ ಕೊಟ್ಟದ್ದು’ ಎನ್ನುವ ಭಾವನೆ ಗಿರಾಕಿಗೆ ಬಂತು.

ನಮ್ಮ ಪೇಟೆಯ ಹಿರಿಯರಿಗೆ ಇದನ್ನು ಹೇಳಿಕೊಡೋಕೆ ಅಮೆರಿಕದವರು ಬೇಕಾಗಿರಲಿಲ್ಲ. ಅಕ್ಕಿ ಅಳೆದ ಮೇಲೆ ಕೊಸರಿಗೆ ಒಂದು ಹಿಡಿ ಹಾಕುತ್ತಿದ್ದರಲ್ಲ, ಅದೇ ಸೂತ್ರ.

ಲೆಕ್ಕ ಹಾಕಿ ನೋಡಿ

ಪೇಟೆಯವರಿಗೆ ಲೆಕ್ಕ ಹೇಳದೆ ಮಾತು ಮುಗಿಸಬಾರದು. ಒಂದು ಮೊಳ ಹೂವು 30 ರೂಪಾಯಿ ಅಂತ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ಅಂಗಡಿಗೆ ಬರುವ 20 ಗಿರಾಕಿಗಳಿಗೆ ಅರ್ಧರ್ಧ ಮೊಳ. ಹತ್ತು ಮೊಳಕ್ಕೆ 300 ರೂಪಾಯಿ. ವರ್ಷಕ್ಕೆ 52 ಶುಕ್ರವಾರ, 15,600 ರೂಪಾಯಿ. ಇಷ್ಟು ದುಡ್ಡಿಗೆ 1,040 ಸಲ ನಿಮ್ಮ ಅಂಗಡಿಯ ಹೂವು ಯಾರದೋ ಮನೆಗೆ ಹೋಯಿತು.

ಅದೇ ದುಡ್ಡಿಗೆ, ಬೊಕೆ ಒಂದಕ್ಕೆ 600 ಅಂದರೆ, 26 ಬೊಕೆ. ಅವು ಎಲ್ಲಿ ಹೋದವು ಅಂತ ಮೇಲೆಯೇ ಹೇಳಿದ್ದೇವೆ: ವರಾಂಡಕ್ಕೆ!

ಇವತ್ತು ಚಿಲ್ಲರೆ ಅಂಗಡಿಯವರ ಗೋಳು ಒಂದೇ. ಫೋನಿನಲ್ಲಿ ಬೆರಳು ಒತ್ತಿದರೆ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಸಾಮಾನು ಬರುತ್ತೆ, ಡಿಸ್ಕೌಂಟೂ ಇರುತ್ತೆ. ದರದಲ್ಲಿ ಅವರ ಜೊತೆ ಜಗಳವಾಡೋಕೆ ಸಣ್ಣ ಅಂಗಡಿಯವರ ಕೈಲಾಗಲ್ಲ. ಆದರೆ ಆ ಹುಡುಗ ಬೈಕಿನಿಂದ ಇಳಿದು ಚೀಲ ಕೊಟ್ಟು ಮುಂದಿನ ಮನೆಗೆ ಓಡಬೇಕು. ‘ಅಮ್ಮಾ, ಮಗಳ ಪರೀಕ್ಷೆ ಏನಾಯ್ತು?’ ಅಂತ ಕೇಳೋ ಪುರುಸೊತ್ತು ಅವನಿಗಿಲ್ಲ. ಅದು ನಿಮಗಿದೆ. ಹೂವು ಆ ಮಾತಿಗೆ ಒಂದು ನೆಪ.

ಯಾರಿಗೆ ಕೊಡಬಾರದು?

ಇಲ್ಲಿ ಸ್ವಲ್ಪ ಎಚ್ಚರ. ಹೂವು ಕೊಡುವ ನೆಪದಲ್ಲಿ ಹೂವಿನ ಕೆಳಗೆ ಬೇರೇನೋ ಇಟ್ಟು ಕೊಡುವ ಅಭ್ಯಾಸ ಕೆಲವರಿಗಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಲಂಚ ತಗೊಂಡವನ ಜೊತೆ ಕೊಟ್ಟವನೂ ನೇರವಾಗಿ ಅಪರಾಧಿ. ಏಳು ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಬಲವಂತಕ್ಕೆ ಕೊಟ್ಟೆ ಅನ್ನುವವನು ಏಳು ದಿನದೊಳಗೆ ದೂರು ಕೊಟ್ಟಿರಬೇಕು. ಒಂದು ಗುಲಾಬಿ ಕೊಟ್ಟವರನ್ನು ಯಾರೂ ಹಿಡಿಯೋದಿಲ್ಲ. ಆದರೆ ಹೂವಿನ ಬುಟ್ಟಿಯ ತಳದಲ್ಲಿ ಬೆಳ್ಳಿ ಬಟ್ಟಲಿದ್ದರೆ ಅದು ಹೂವಲ್ಲ.

ವರ್ತಕರು ವರ್ತಕರಿಗೆ ಕೊಡುವುದಕ್ಕೂ ಲೆಕ್ಕವಿದೆ. ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ಉಡುಗೊರೆ, ಸವಲತ್ತು ಕೊಟ್ಟರೆ ನೂರಕ್ಕೆ 10ರಂತೆ ತೆರಿಗೆ ಮುರಿದು ಕಟ್ಟಬೇಕೆಂಬ ನಿಯಮ 2022ರ ಜುಲೈ 1ರಂದು ಜಾರಿಗೆ ಬಂತು. ಹಿಂದಿನ ವರ್ಷ ಒಂದು ಕೋಟಿಗಿಂತ ಕಡಿಮೆ ವಹಿವಾಟಿರುವ ಸಣ್ಣ ವ್ಯಾಪಾರಿಗೆ ಆ ತಲೆನೋವಿಲ್ಲ. ಹಾಗೆಯೇ ಪುಕ್ಕಟೆ ಹಂಚಿದ ಸಾಮಾನಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ವಾಪಸು ಹಿಡಿಯೋಕಾಗಲ್ಲ. ತಾಜಾ ಹೂವಿನ ಮೇಲೆ ಜಿಎಸ್‌ಟಿಯೇ ಇಲ್ಲ, ಆ ಮಾತು ಬೇರೆ. ನೋಡಿ, ಕಾನೂನಿನ ಕಣ್ಣಲ್ಲೂ ಹೂವು ಎಲ್ಲಕ್ಕಿಂತ ಹಗುರವಾದ ಉಡುಗೊರೆ!

ಹಗುರ ಅನ್ನೋದರಲ್ಲೇ ಅದರ ಬೆಲೆ ಇದೆ. ಬೆಳ್ಳಿ ಲೋಟ ಕೊಟ್ಟರೆ ಅವರು ತಿರುಗಿ ಏನು ಕೊಡಬೇಕು ಅಂತ ಯೋಚನೆ ಮಾಡ್ತಾರೆ. ಅಲ್ಲಿಗೆ ಅದು ಸಾಲವಾಯಿತು. ಹೂವು ನಾಳೆ ಬಾಡುತ್ತೆ, ಋಣದ ಪಟ್ಟಿಯಲ್ಲಿ ಉಳಿಯೋದಿಲ್ಲ. ಕೊಟ್ಟ ಗಳಿಗೆ ಮಾತ್ರ ಉಳಿಯುತ್ತೆ.

ಒಂದು ಶುಕ್ರವಾರದ ಮಾತು

ಈಗ ನಿಜವಾದ ವಿಷಯಕ್ಕೆ ಬರೋಣ. ಕಾನೂನಿನ ತಪ್ಪಿಗೆ ದಂಡ ಕಟ್ಟಬಹುದು, ಇದಕ್ಕೆ ಕಟ್ಟೋಕಾಗಲ್ಲ.

ಕೆಲವು ದಿನಗಳ ಕೆಳಗೆ ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸೊಬ್ಬರು ಜೊತೆಯವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಇಪ್ಪತ್ತು ವರ್ಷದಿಂದ ಅವರು ಒಂದೇ ಜವಳಿ ಅಂಗಡಿಗೆ ಹೋಗುತ್ತಿದ್ದರಂತೆ. ಮಕ್ಕಳ ನಾಮಕರಣ, ಮಗಳ ಮದುವೆ, ಎಲ್ಲದಕ್ಕೂ ಅಲ್ಲೇ ಬಟ್ಟೆ. ಆ ಅಂಗಡಿಯಲ್ಲಿ ಶುಕ್ರವಾರ ಹೆಂಗಸರಿಗೆ ಅರಿಸಿನ ಕುಂಕುಮ, ಹೂವು ಕೊಡುವ ಪದ್ಧತಿ. ಗಂಡ ತೀರಿಕೊಂಡ ಮೇಲೆ ಮೊದಲ ಸಲ, ಮೊಮ್ಮಗುವಿಗೆ ಬಟ್ಟೆ ತರಲು ಹೋದರು. ದಿನ ಶುಕ್ರವಾರ. ಅಂಗಡಿಯ ಹುಡುಗ ತಟ್ಟೆ ಹಿಡಿದು ಸಾಲಾಗಿ ಬಂದ. ಎಡಗಡೆಯವರಿಗೆ ಕೊಟ್ಟ. ಇವರ ಹಣೆ ನೋಡಿದ. ತಟ್ಟೆ ಹಿಂದಕ್ಕೆ ಎಳೆದುಕೊಂಡು ಬಲಗಡೆಯವರಿಗೆ ಕೊಟ್ಟ.

“ಏನೂ ಅನ್ಲಿಲ್ಲ ಕಣೇ. ಬಿಲ್ ಕೊಟ್ಟು ಬಂದೆ. ಆಮೇಲೆ ಆ ಕಡೆಗೆ ಹೋಗಿಲ್ಲ,” ಎಂದರು ಆಕೆ. ಜೊತೆಯವರು ಮಾತಾಡಲಿಲ್ಲ. ಅವರ ಸ್ಟಾಪು ಬಂತು, ಇಳಿದರು.

ಆ ಅಂಗಡಿಯವರಿಗೆ ಇದು ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ‘ಯಾಕೋ ಹಳೇ ಗಿರಾಕಿಗಳು ಕಡಿಮೆ ಆಗ್ತಿದ್ದಾರೆ, ಎಲ್ಲಾ ಆನ್‌ಲೈನ್ ಪ್ರಭಾವ’ ಅಂತ ಅವರು ಅಂದುಕೊಂಡಿರಬಹುದು. ಹುಡುಗನನ್ನು ಬೈದು ಏನು ಪ್ರಯೋಜನ? ಅವನು ಮನೆಯಲ್ಲಿ ಕಂಡದ್ದನ್ನು ಮಾಡಿದ. ತಟ್ಟೆ ಅವನ ಕೈಗೆ ಕೊಟ್ಟವರು ಯಜಮಾನರು. ಇಪ್ಪತ್ತು ವರ್ಷದ ಗಿರಾಕಿಯನ್ನು ಇಪ್ಪತ್ತು ರೂಪಾಯಿಯ ಹೂವು ಕಳೆಯಿತು. ಗಿರಾಕಿ ಹೋದದ್ದು ಇರಲಿ, ದುಃಖದಲ್ಲಿದ್ದ ಜೀವಕ್ಕೆ ನಾಲ್ಕು ಜನರ ಎದುರು ಮತ್ತೊಂದು ಪೆಟ್ಟು ಬಿತ್ತಲ್ಲ, ಅದನ್ನು ಯಾವ ರಿಯಾಯಿತಿ ಸೇಲು ಮರೆಸುತ್ತೆ?

ಹಾಗಾದರೆ ಪದ್ಧತಿ ನಿಲ್ಲಿಸಬೇಕಾ? ಬೇಡ. ದಾರಿ ಸುಲಭವಿದೆ. ಗಲ್ಲಾ ಪಕ್ಕದಲ್ಲಿ ಒಂದು ಬುಟ್ಟಿ ಹೂವು ಇಡಿ. “ಹೂವು ತಗೊಂಡು ಹೋಗಿ ಅಮ್ಮಾ” ಎಂದು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಿ. ಮುಡಿಯುವವರು ಮುಡಿಯಲಿ, ದೇವರ ಪಟಕ್ಕೆ ಹಾಕುವವರು ಹಾಕಲಿ, ದರ್ಗಾಕ್ಕೆ ಒಯ್ಯುವವರು ಒಯ್ಯಲಿ, ಗಂಡಸರು ಮನೆಗೆ ತಗೊಂಡು ಹೋಗಲಿ. ಹಣೆ ನೋಡಿ ಕೊಡುವ ಕೆಲಸ ಅಂಗಡಿಯವನದ್ದಲ್ಲ. ಅಂಗಡಿ ಬಾಗಿಲು ದಾಟಿ ಒಳಗೆ ಬಂದವರೆಲ್ಲ ಗಿರಾಕಿಗಳೇ.

ಯಾರಿಗೆ ಕೊಡೋದು ಮರೆತಿದ್ದೀರಿ?

ಇನ್ನೊಂದು ಪಟ್ಟಿ ಇದೆ. ದೊಡ್ಡವರಿಗೆ ಬೊಕೆ ಒಯ್ಯುವ ಭರಾಟೆಯಲ್ಲಿ ಮರೆತವರ ಪಟ್ಟಿ. ಹದಿನೈದು ವರ್ಷದಿಂದ ನಿಮ್ಮ ಮೂಟೆ ಇಳಿಸುತ್ತಿರುವ ಹಮಾಲಿಯ ಮಗಳ ಮದುವೆಗೆ ಒಂದು ಹಾರ ಹೋಯಿತಾ? ಬೆಳಿಗ್ಗೆ ಐದಕ್ಕೆ ಸರಕು ತರುವ ಲಾರಿ ಡ್ರೈವರಿಗೆ ಆಯುಧಪೂಜೆ ದಿನ ಗಾಡಿಗೊಂದು ಹಾರ? ಉದ್ರಿ ಬರೆಸಿ ಪ್ರತಿ ತಿಂಗಳ ಒಂದನೇ ತಾರೀಕು ತಪ್ಪದೆ ಚುಕ್ತಾ ಮಾಡುವ ಮೇಷ್ಟರು ನಿವೃತ್ತರಾದ ದಿನ ಒಂದು ಗುಲಾಬಿ? ಗಿರಾಕಿ ಮನೆಯಲ್ಲಿ ಸಾವಾದರೆ ಒಂದು ಹಾರ ಹಿಡಿದು ಹೋಗಿ ಎರಡು ನಿಮಿಷ ನಿಂತು ಬರುವುದು? ಸಂತೋಷಕ್ಕೆ ಕೊಟ್ಟ ಹೂವು ಮರೆತುಹೋಗಬಹುದು, ದುಃಖದಲ್ಲಿ ತಂದ ಹೂವನ್ನು ಜನ ಮರೆಯೋದಿಲ್ಲ.

ಇವರು ಯಾರೂ ನಿಮಗೆ ಲೈಸೆನ್ಸು ಕೊಡೋರಲ್ಲ, ಸಾಲ ಮಂಜೂರು ಮಾಡೋರಲ್ಲ. ಆದರೆ ಅಂಗಡಿ ನಡೆಯೋದು ಇವರಿಂದ. ಸಾಹೇಬರು ಮೂರು ವರ್ಷಕ್ಕೆ ವರ್ಗವಾಗಿ ಹೋಗ್ತಾರೆ. ಮೇಷ್ಟರು ಇದೇ ಬೀದಿಯಲ್ಲಿರ್ತಾರೆ.

ಕೊಡುವ ಹೂವು ನಮ್ಮದೇ ಆಗಿರಲಿ. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಹಡಗಲಿ ಮಲ್ಲಿಗೆಗೂ ಉಡುಪಿ ಮಲ್ಲಿಗೆಗೂ ಇದೆ. ಇಷ್ಟು ಪರಿಮಳ ಇಟ್ಟುಕೊಂಡು, ವಾಸನೆಯೇ ಇಲ್ಲದ ಪ್ಲಾಸ್ಟಿಕ್ ಹೂವಿನ ತೋರಣ ಅಂಗಡಿ ಮುಂದೆ ಕಟ್ಟಿ ಧೂಳು ಹಿಡಿಸುತ್ತೀವಲ್ಲ, ಇದಕ್ಕೆ ಏನನ್ನೋಣ? ಬಾಳೆನಾರಿನಲ್ಲಿ ಕಟ್ಟಿ ಬಾಳೆಲೆಯಲ್ಲಿ ಸುತ್ತಿಕೊಟ್ಟರೆ ಕಸದ ಗಾಡಿಯವನೂ ಬೈಯೋದಿಲ್ಲ.

ಮೊದಲು ಆ ಬಾಕಿ

ಕಡೆಗೆ ಶುರುವಿನ ಮಾತಿಗೇ ಬರೋಣ. ಕಬ್ಬಿಣದಂಗಡಿ ಯಜಮಾನರು ಸಾಹೇಬರಿಗೆ ಬೊಕೆ ಕೊಟ್ಟದ್ದಕ್ಕೆ ನಮ್ಮ ಆಕ್ಷೇಪಣೆ ಏನಿಲ್ಲ. ಅವರ ದುಡ್ಡು, ಅವರ ಮರ್ಯಾದೆ. ಆದರೆ ಪಟಕ್ಕೆ ದಿನಾ ಹೂವು ಹಾಕಿದ ಹೆಂಗಸಿನ ಎರಡು ತಿಂಗಳ ಲೆಕ್ಕ ನಿಲ್ಲಿಸಿ, ಪಕ್ಕದ ಅಂಗಡಿಯಲ್ಲಿ ನಗದು ಕೊಟ್ಟು ಬೊಕೆ ತಗೊಂಡರಲ್ಲ, ಅಲ್ಲಿ ವ್ಯಾಪಾರದ ಸಂಬಂಧ ಗಟ್ಟಿಯಾಯಿತೋ ಸಡಿಲವಾಯಿತೋ? ಆಕೆಯೂ ವ್ಯಾಪಾರಸ್ಥೆಯೇ. ಮುಂಜಾನೆ ಮಂಡಿಯಲ್ಲಿ ನಗದು ಕೊಟ್ಟು ಹೂವು ತರಬೇಕು. ನಿಮ್ಮ ಲಕ್ಷ್ಮಿಗೆ ಆಕೆ ಉದ್ರಿಯಲ್ಲಿ ಹೂವು ಹಾಕುತ್ತಿದ್ದಾಳೆ!

ಈ ಅಂಕಣ ಬರೆಯುವ ಹೊತ್ತಿಗೆ ನಾವು ಮತ್ತೆ ಮಾರುಕಟ್ಟೆ ಕಡೆ ಹೋಗಿದ್ದೆವು. “ಲೆಕ್ಕ ಬಂತಾ ಅಮ್ಮಾ?” ಅಂತ ಕೇಳಿದೆವು. “ಒಂದು ತಿಂಗಳದ್ದು ಕೊಟ್ಟರು ಸ್ವಾಮಿ, ಇನ್ನೊಂದು ತಿಂಗಳದ್ದು ಕೊಡ್ತಾರೆ,” ಎಂದು ನಕ್ಕು, ಬೇಡ ಬೇಡ ಅಂದರೂ ಒಂದು ತುಂಡು ಮಲ್ಲಿಗೆ ಕಟ್ಟಿಕೊಟ್ಟಳು. ಕಾಸು ಕೊಡಹೋದರೆ, “ಇರಲಿ ತಗೊಳ್ಳಿ, ಮನೆಗೆ” ಎಂದಳು.

ಮುಂದಿನ ವಾರ ಹೂವು ಬೇಕಾದರೆ ನಾವು ಯಾರ ಹತ್ತಿರ ಕೊಳ್ಳುತ್ತೇವೆ ಅಂತ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.